ಒಂದ್ಕಮ್ಮಿ ಸಿಸ್ಟರ್ ಮಗುವಿಗೆ ಹತ್ತಕ್ಕೆ ಹತ್ತು

ಹೆರಿಗೆ ವಾರ್ಡಿನಲ್ಲಿ ಅವಳಿಗೆ ಒಂದ್ಕಮ್ಮಿ ಸಿಸ್ಟರ್ ಎಂದು ಹೆಸರು. ಹೆಸರಿಟ್ಟವರು ಆಯಾಗಳು, ಹರಡಿದವರು ಡಾಕ್ಟರುಗಳು, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಓಡಾಡಿಕೊಂಡಿದ್ದವಳು ಅವಳು. ಹನ್ನೊಂದು ವರ್ಷದ ನೌಕರಿಯಲ್ಲಿ ಒಂದೇ ಒಂದು ಮಗುವಿಗೂ ಅವಳು ಹತ್ತಕ್ಕೆ ಹತ್ತು ಕೊಟ್ಟಿರಲಿಲ್ಲ.

ಮಗು ಹುಟ್ಟಿದ ಒಂದು ನಿಮಿಷಕ್ಕೆ ಒಂದು ಸಲ, ಐದು ನಿಮಿಷಕ್ಕೆ ಇನ್ನೊಂದು ಸಲ, ಐದು ಸಂಗತಿ ನೋಡಿ ಅಂಕಿ ಬರೆಯಬೇಕು. ಮೈಬಣ್ಣ, ಎದೆಬಡಿತ, ಕೆಣಕಿದರೆ ಮುಖ ಕಿವುಚುತ್ತದೋ ಇಲ್ಲವೋ, ಕೈಕಾಲಿನ ಕಸುವು, ಉಸಿರು. ಒಂದೊಂದಕ್ಕೆ ಸೊನ್ನೆ, ಒಂದು, ಇಲ್ಲವೇ ಎರಡು. ವಾರ್ಡಿನ ಬಹಳ ಜನ ಇದನ್ನು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಷ್ಟು ಸಲೀಸಾಗಿ ಮುಗಿಸುತ್ತಿದ್ದರು. 'ಎಂಟು, ಒಂಬತ್ತು' ಎಂದು ಮೊದಲೇ ಬರೆದಿಟ್ಟು ಮಗು ಬರುವುದನ್ನು ಕಾಯುತ್ತಿದ್ದವರೂ ಇದ್ದರು. ಅವಳು ಮಾತ್ರ ಗಡಿಯಾರ ನೋಡಿ, ಮಗು ನೋಡಿ, ಕೊನೆಗೆ ಬಗ್ಗಿ ಪಾದ ನೋಡುತ್ತಿದ್ದಳು. ಆಗತಾನೇ ಹುಟ್ಟಿದ ಮಗುವಿನ ಪಾದ ಸಾಮಾನ್ಯವಾಗಿ ಸ್ವಲ್ಪ ನೀಲಿಯಾಗಿಯೇ ಇರುತ್ತದೆ. "ನೀಲಿ ಅಂದ್ರೆ ನೀಲಿ. ಒಂದು ಕಮ್ಮಿ," ಎಂದು ಬರೆದು ಪೆನ್ನು ಮುಚ್ಚುತ್ತಿದ್ದಳು.

ಹೀಗೆ ಊರಿನ ಅರ್ಧ ಮಕ್ಕಳ ಮೊದಲ ಅಂಕ ಕತ್ತರಿಸಿದವಳು ಅವಳಾದರೆ, ಅದೇ ಊರಿನ ಅರ್ಧ ಗಂಡಸರ ತಲೆಗೂದಲು ಕತ್ತರಿಸಿದವರು ಅವಳ ಮಾವ. ಮನೆಯ ಮುಂದಿನ ಕೋಣೆಯೇ ಅವರ ಕ್ಷೌರದಂಗಡಿ. ಹಿಂದಿನ ಕೋಣೆ ಅತ್ತೆಯ ಅಡುಗೆಮನೆ. ಅಂಗಡಿಯ ಸುದ್ದಿ ಅಡುಗೆಮನೆಗೆ, ಅಡುಗೆಮನೆಯ ಸುದ್ದಿ ಅಂಗಡಿಗೆ ಹೋಗಬೇಕಾದರೆ ನಡುಕೋಣೆ ದಾಟಬೇಕು. ನಡುಕೋಣೆಯಲ್ಲಿ ಮಗ-ಸೊಸೆ. ಮಗ ಲಿಫ್ಟ್ ಮೆಕ್ಯಾನಿಕ್. ಮನೆಯಲ್ಲಿ ಜಗಳ ಎದ್ದರೆ ಎರಡು ಮಹಡಿಗಳ ನಡುವೆ ನಿಂತುಬಿಡುವುದು ಅವನಿಗೆ ಕೆಲಸದಿಂದ ಬಂದ ಅಭ್ಯಾಸವೋ ಹುಟ್ಟಿನಿಂದ ಬಂದದ್ದೋ ಯಾರಿಗೂ ಗೊತ್ತಿಲ್ಲ.

ಇನ್ನು ನಾದಿನಿ. ಎರಡು ಬೀದಿ ಆಚೆ ಹೊಲಿಗೆ ಅಂಗಡಿ. ಗಂಡ ಗೂಡ್ಸ್ ರೈಲಿನ ಗಾರ್ಡ್, ವಾರಕ್ಕೊಂದು ದಿನ ಮನೆಯಲ್ಲಿ ಕಾಣಿಸಿಕೊಂಡರೆ ಹೆಚ್ಚು. ಹಾಗಾಗಿ ಮಧ್ಯಾಹ್ನದ ಊಟಕ್ಕೆ ಅವಳು ತವರಿಗೇ ಬರುತ್ತಿದ್ದಳು. ಬರುತ್ತಿದ್ದಳು ಅಂದರೆ, ಮೊನ್ನೆ ಮೊನ್ನೆಯವರೆಗೆ.

ಎರಡು ವರ್ಷದ ಹಿಂದೆ ಅವಳಿಗೆ ಹೆರಿಗೆಯಾದಾಗ ಡ್ಯೂಟಿಯಲ್ಲಿ ಇದ್ದವಳು ಅತ್ತಿಗೆಯೇ. ಗಂಡು ಮಗು. ಮೊದಲ ನಿಮಿಷಕ್ಕೆ ಸ್ವಲ್ಪ ಮೆತ್ತಗಿತ್ತು. ಅತ್ತಿಗೆ ಬಟ್ಟೆಯಲ್ಲಿ ಮೈ ಉಜ್ಜಿದಳು, ಅಂಗಾಲು ತಟ್ಟಿದಳು, ಐದು ನಿಮಿಷದೊಳಗೆ ಅದು ಇಡೀ ವಾರ್ಡಿಗೆ ಕೇಳುವ ಹಾಗೆ ಕಿರುಚಿತು. ಅವಳು ಬರೆದದ್ದು ಇದ್ದದ್ದನ್ನೇ: ಏಳು, ಆಮೇಲೆ ಒಂಬತ್ತು.

ಮನೆಯಲ್ಲಿ ಉಳಿದದ್ದು ಏಳು ಮಾತ್ರ.

"ಒಂಬತ್ತೂ ಇದೆಯಲ್ಲ ಪಕ್ಕದಲ್ಲಿ?" ಎಂದು ಅವಳು ನೂರು ಸಲ ಹೇಳಿದ್ದಳು.

"ಅದು ಆಮೇಲೆ ಕನಿಕರಕ್ಕೆ ಕೊಟ್ಟಿದ್ದು," ಎಂದು ಅತ್ತೆ ತೀರ್ಪು ಕೊಟ್ಟಿದ್ದರು. "ಮೊದಲು ಬಂದಿದ್ದೇ ನಿಜವಾದ ನಂಬರು. ಗ್ರೇಸ್ ಮಾರ್ಕ್ಸ್ ಯಾರು ಲೆಕ್ಕ ಇಡ್ತಾರೆ?"

"ಅತ್ತೆ, ಇದು ಪರೀಕ್ಷೆ ಅಲ್ಲ. ಆ ಗಳಿಗೇಲಿ ಮಗೂಗೆ ನಾವು ಎಷ್ಟು ಕೈ ಹಾಕಬೇಕು ಅಂತ ನೋಡ್ಕೊಳ್ಳೋಕೆ ಮಾಡಿರೋದು. ಬುದ್ಧಿ ಗಿದ್ದಿ ಅಳೆಯೋಕಲ್ಲ."

"ಅಳೆಯೋದು ಅಂದ್ಮೇಲೆ ಅಳೆಯೋದೇ ಕಣಮ್ಮ."

ಅದಾಗಿ ಮಗು ಕುಳಿತದ್ದು ತಡವಾದರೆ ಏಳು, ಹಲ್ಲು ತಡವಾದರೆ ಏಳು, ಸೂಪು ಚೆಲ್ಲಿದರೂ ಏಳು. ಈಗ ಹುಡುಗನಿಗೆ ಎರಡು ತುಂಬಿತ್ತು. ಓಡುತ್ತಿದ್ದ, ಹತ್ತುತ್ತಿದ್ದ, ತಾಯಿಯ ಟೇಪು ಕದ್ದು ಬೆಕ್ಕಿನ ಅಳತೆ ತೆಗೆಯುತ್ತಿದ್ದ. ಮಾತು ಮಾತ್ರ ಆಡುತ್ತಿರಲಿಲ್ಲ. ಕಿವಿ ಸರಿ ಇದೆ, ಕಾಯಿರಿ ಎಂದರು ಮಕ್ಕಳ ಡಾಕ್ಟರು. ನಾದಿನಿ ಕಾಯಲಿಲ್ಲ, ಕಾದಳು. ಕಾದ ಎಣ್ಣೆಯ ಹಾಗೆ. "ಅವತ್ತು ಅತ್ತಿಗೆ ಇನ್ನೊಂದೆರಡು ಹಾಕಿದ್ರೆ ಅವರ ಗಂಟೇನು ಹೋಗ್ತಿತ್ತು," ಎಂದು ಬಟ್ಟೆ ಹೊಲಿಸಲು ಬಂದವರಿಗೆಲ್ಲ ಹೇಳಿದಳು. ಮಾತು ಬಾರದ ಮಗನ ಪಾಲಿನದನ್ನೂ ಸೇರಿಸಿ ಅವಳೇ ಆಡಿದಳು. ಮಧ್ಯಾಹ್ನದ ಊಟ ನಿಂತುಹೋಯಿತು.

ಇಂಥ ಮನೆಯಲ್ಲಿ ಒಂದ್ಕಮ್ಮಿ ಸಿಸ್ಟರ್ ತಾನೇ ಬಸುರಿಯಾಗಿ, ತನ್ನದೇ ವಾರ್ಡಿನಲ್ಲಿ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಹೆಣ್ಣುಮಗು ಹೆತ್ತಳು. ಅವತ್ತು ಡ್ಯೂಟಿಯಲ್ಲಿದ್ದವಳು ಕಣ್ಣಿನ ಸಿಸ್ಟರ್. ಹದಿನೇಳು ವರ್ಷ ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡಿ, ಎರಡು ವಾರದ ಹಿಂದಷ್ಟೇ ಇಲ್ಲಿಗೆ ವರ್ಗವಾಗಿ ಬಂದವಳು. ಆದ್ದರಿಂದ ಆ ಹೆಸರು.

ಮೂರನೇ ದಿನ ಮನೆಗೆ ಬಂದರು. ಅತ್ತೆ ಬಿಸಿನೀರು ಕಾಯಿಸುತ್ತಿದ್ದರು. ಮಾವ ಕನ್ನಡಕ ಏರಿಸಿಕೊಂಡು ಡಿಸ್ಚಾರ್ಜ್ ಕಾರ್ಡನ್ನು ಮೇಲಿಂದ ಕೆಳಕ್ಕೆ ಓದುತ್ತ ಬಂದವರು ನಡುವೆ ನಿಂತರು.

"ಲೇ, ಇಲ್ಲಿ ಬಾರೇ! ಹತ್ತು! ಮೊದಲನೇ ನಿಮಿಷಕ್ಕೆ ಹತ್ತು, ಐದನೇ ನಿಮಿಷಕ್ಕೂ ಹತ್ತು!"

"ಏನ್ರೀ ಅದು, ತೂಕಾನಾ?"

"ಹತ್ತು ಕೇಜಿ ಮಗು ಹೆತ್ತಿದ್ರೆ ನಿನ್ನ ಸೊಸೆ ಹೀಗೆ ಎದ್ದು ಕೂತಿರ್ತಿದ್ಳಾ? ಮಾರ್ಕ್ಸು ಕಣೇ! ಹತ್ತಕ್ಕೆ ಹತ್ತು!"

ಸೊಸೆ ಕೈ ಚಾಚಿದಳು. "ಮಾವ, ಕೊಡಿ ಇಲ್ಲಿ." ನೋಡಿದಳು. "ಇದು ತಪ್ಪು."

"ಏನು, ಹನ್ನೊಂದಾಗಬೇಕಿತ್ತಾ?"

"ಇಲ್ಲ ಮಾವ. ಇಷ್ಟು ಇರಲಿಲ್ಲ."

ಅತ್ತೆ ಸೌಟು ಹಿಡಿದೇ ಬಂದರು. "ನಿಂಗೇನು ತಲೆ ಕೆಟ್ಟಿದ್ಯಾ? ಯಾವ ತಾಯಾದ್ರೂ ಹೆತ್ತ ಮಗೂನ ನಂಬರ್ ಇಳಿಸಿ ಅಂತಾಳಾ? ಆಸ್ಪತ್ರೇಲಿ ಊರ ಮಕ್ಕಳಿಗೆ ಕೊರೆದಿದ್ದು ಸಾಲದು ಅಂತ ಈಗ ಮನೇಲೂ ಶುರು ಮಾಡ್ಬೇಡ."

"ಕಾಲು ನೀಲಿ ಇತ್ತು ಅತ್ತೆ. ನಾನೇ ನೋಡಿದೆ."

"ನೀನು ಹೆರ್ತಿದ್ಯಾ, ಡ್ಯೂಟಿ ಮಾಡ್ತಿದ್ಯಾ?"

ಮಾವ ಅಷ್ಟರಲ್ಲಿ ಅಂಗಡಿಯಲ್ಲಿದ್ದರು. ಹತ್ತು ಬಂದ ಖುಷಿಗೆ ಆ ದಿನ ಹತ್ತು ಜನರ ಮೀಸೆ ಪುಕ್ಕಟೆ ತಿದ್ದಿದರು. ಕುರ್ಚಿಯಲ್ಲಿ ಕೂತವರ ಕುತ್ತಿಗೆಗೆ ಕತ್ತಿ ಇಟ್ಟುಕೊಂಡೇ "ನಮ್ಮ ಮೊಮ್ಮಗಳಿಗೆ ಎಷ್ಟು ಗೊತ್ತಾ?" ಎಂದು ಕೇಳುತ್ತಿದ್ದರಿಂದ ಎಲ್ಲರೂ ತುಂಬ ಆಸಕ್ತಿಯಿಂದ "ಎಷ್ಟು?" ಎಂದರು.

ಸುದ್ದಿ ಸಂಜೆಯೊಳಗೆ ಹೊಲಿಗೆ ಅಂಗಡಿ ತಲುಪಿತು. ನಾದಿನಿ ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು. ಮಗುವಿಗೆಂದು ಮೆತ್ತನೆ ಬಟ್ಟೆಯಲ್ಲಿ ಹೊಲಿದ ಅರ್ಧ ಡಜನ್ ಅಂಗಿ ತಂದಿದ್ದಳು, ಅವನ್ನು ಮಂಚದ ಮೇಲೆ ಎಸೆದಳು.

"ತಗೊಳ್ಳಿ ಅತ್ತಿಗೆ. ಅಳತೆ ಸರಿ ಇರುತ್ತೆ. ನಾನು ಅಳತೇಲಿ ಮೋಸ ಮಾಡಲ್ಲ."

"ಕೂತ್ಕೋ ಮೊದಲು. ಮಗು ನೋಡು."

"ನೋಡೋದೇನಿದೆ, ಹತ್ತಕ್ಕೆ ಹತ್ತಂತಲ್ಲ. ನಿಮ್ಮ ಕೈಲಿ ಏಳು, ನಿಮ್ಮ ಹೊಟ್ಟೇಲಿ ಹತ್ತು. ಚೆನ್ನಾಗಿದೆ!"

"ಅದು ನಾನು ಹಾಕಿದ್ದಲ್ಲ ಕಣೇ. ತಪ್ಪಾಗಿದೆ, ತಿದ್ದಿಸ್ತೀನಿ."

"ಹೌದೌದು, ತಿದ್ದಿಸಿ. ಒಂಬತ್ತು ಮುಕ್ಕಾಲು ಮಾಡಿಸಿ. ಹತ್ತು ತಿಂಗಳಿಂದ ಇವನ ಬಾಯಿಂದ ಒಂದು 'ಅಮ್ಮ' ಬರ್ಲಿ ಅಂತ ನಾನು ಗೋಡೆಗೆಲ್ಲ ಪಾಠ ಹೇಳ್ತಿದ್ದೀನಿ. ಗೋಡೆ ಕಲೀತು, ಇವನು ಕಲೀಲಿಲ್ಲ. ಹುಟ್ಟಿದ ತಕ್ಷಣ ನೀವು ಬರೆದಿಟ್ರಿ, ಹಾಗೇ ಆಗ್ತಿದೆ."

"ಅದಕ್ಕೂ ಇದಕ್ಕೂ..."

"ಸಂಬಂಧ ಇಲ್ಲ. ಗೊತ್ತು. ನನಗೂ ನಿಮಗೂ ಇಲ್ಲ."

ಹೊರಟೇಹೋದಳು. ಊರಿಗೆಲ್ಲ ಸಿಸ್ಟರ್ ಆದವಳು ಒಬ್ಬ ನಾದಿನಿಗೆ ಅಕ್ಕನಂತಾಗಲಿಲ್ಲ. ಸೊಂಟದ ಮೇಲಿಂದ ಹುಡುಗ ಮಾತ್ರ ಹಿಂತಿರುಗಿ ಪುಟ್ಟ ಮಗುವಿನ ಕಡೆ ಕೈ ಬೀಸಿದ.

ಬಾಗಿಲ ಹತ್ತಿರ ಟೂಲ್ ಬ್ಯಾಗ್ ಹಿಡಿದು ನಿಂತಿದ್ದ ಗಂಡ ಕೇಳಿದ: "ನಾನು ಒಳಗೆ ಬರ್ಲಾ, ಅವಳ ಹಿಂದೆ ಹೋಗ್ಲಾ?"

"ಎಲ್ಲಾದ್ರೂ ಒಂದು ಕಡೆ ಹೋಗಿ!" ಎಂದಳು ಹೆಂಡತಿ.

ಅವನು ಹೋಗಿ ನೀರಿನ ಟ್ಯಾಂಕ್ ತೊಳೆದ.

ಮಾರನೇ ದಿನ ಸೊಸೆ ವಾರ್ಡಿಗೆ ಫೋನ್ ಮಾಡಿದಳು. ಮುಖ್ಯ ಸಿಸ್ಟರ್ ನಿಯಮ ಹೇಳಿದರು: ಅಂಕಿ ಹಾಕಿದವರೇ ತಿದ್ದುಪಡಿ ಫಾರಂನಲ್ಲಿ ಸರಿಯಾದದ್ದು ಬರೆದು, ಸಹಿ ಮಾಡಬೇಕು. "ನೀನು ಅವತ್ತು ಪೇಶೆಂಟು. ಪೇಶೆಂಟು ಹೇಳಿದ್ದು ನಡೆಯಲ್ಲಮ್ಮ."

ಕಣ್ಣಿನ ಸಿಸ್ಟರ್ ಮಾತ್ರ ಕಣ್ಣಿಗೆ ಬೀಳಲಿಲ್ಲ. ಫೋನ್ ಮಾಡಿದರೆ ಬಸ್ಸಿನಲ್ಲಿದ್ದೇನೆ ಎನ್ನುತ್ತಿದ್ದಳು. ಹಿಂದಿನಿಂದ ಮಗು ಅಳುವುದು ಕೇಳುತ್ತಿತ್ತು. ಒಂದಲ್ಲ, ನಾಲ್ಕು. ಅಷ್ಟು ಮಕ್ಕಳು ಒಟ್ಟಿಗೆ ಅಳುವ ಬಸ್ಸು ಯಾವುದಿರಬಹುದು ಎಂದು ಸೊಸೆ ಯೋಚಿಸಿದಳು.

ಎರಡನೇ ವಾರ ಅತ್ತೆ-ಸೊಸೆ ನಡುವೆ ಮಾತು ಊಟದ ತಟ್ಟೆಯ ಅಳತೆಗೆ ಇಳಿಯಿತು.

"ಇನ್ನೊಂದು ಮೊಟ್ಟೆ?"

"ಬೇಡ."

"ಹಾಲು ಇಳಿಯಲ್ಲ ಹೀಗೆ ತಿಂದ್ರೆ."

"ಇಳೀತಿದೆ."

"ಎಲ್ಲಾ ಇಳಿಸೋದೇ ನಿನಗೆ." ಅತ್ತೆ ಮೊಟ್ಟೆ ಹಾಕಿಯೇ ಹೋದರು. ಆಮೇಲೆ ಬಾಗಿಲಿಂದ ತಿರುಗಿ, ದನಿ ತಗ್ಗಿಸಿ, "ಅಲ್ಲ ಕಣೆ, ಇರ್ಲಿ ಬಿಡು. ಯಾರಿಗೇನು ನಷ್ಟ? ಹೆಣ್ಣುಮಗು. ನಾಳೆ ನಾಲ್ಕು ಜನ ಕೇಳ್ತಾರೆ. ಹತ್ತು ಅಂದ್ರೆ ಕೇಳೋಕೆ ಚೆನ್ನಾಗಿರುತ್ತೆ," ಎಂದರು.

"ನಿಮ್ಮ ಮಗಳು ಊಟಕ್ಕೆ ಬರ್ತಿಲ್ಲ. ಅದು ನಷ್ಟ ಅಲ್ವಾ?"

ಅತ್ತೆ ಒಳಗೆ ಹೋದರು. ಅಡುಗೆಮನೆಯಲ್ಲಿ ಪಾತ್ರೆಗಳು ಸ್ವಲ್ಪ ಹೊತ್ತು ಉತ್ತರ ಕೊಟ್ಟವು.

ಆ ದಿನ ಮಧ್ಯಾಹ್ನ, ಗಂಡ ಊಟಕ್ಕೆ ಬಂದಾಗ, ಅವಳು ಮಗುವಿನ ಬಟ್ಟೆ ಮಡಚುತ್ತ ಕೇಳಿದಳು:

"ಅವತ್ತು ನಮ್ಮ ಮಗಳು ಯಾವಾಗ ಅತ್ತಳು ಗೊತ್ತಾ?"

"ಹುಟ್ಟಿದ ತಕ್ಷಣ ಅಲ್ವಾ? ಎಲ್ಲಾ ಮಕ್ಕಳೂ..."

"ಇಲ್ಲ. ನಾನು ಗೋಡೆ ಗಡಿಯಾರ ನೋಡ್ತಾನೇ ಇದ್ದೆ. ಹತ್ತು ಸೆಕೆಂಡ್, ಇಪ್ಪತ್ತು, ನಲವತ್ತು. ಒಂದು ಸಲ ಕುಂಯ್ ಅಂದ್ಳು, ಅಷ್ಟೇ. ಕೈಕಾಲು ಸುಮ್ಮನೆ ಹಾಗೇ ಇತ್ತು. ಉಜ್ಜಿ ಉಜ್ಜಿ ಎರಡು ನಿಮಿಷ ಆದ್ಮೇಲೆ ಸರಿಯಾಗಿ ಅತ್ತಳು."

ಗಂಡನ ಕೈಯಲ್ಲಿದ್ದ ಬ್ರೆಡ್ಡು ಸೂಪಿನಲ್ಲಿ ಮುಳುಗಿ ಕರಗಿತು. "ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳ್ಲಿ? ನಿಮ್ಮಪ್ಪ ಮೀಸೆ ತಿದ್ದುತ್ತಿದ್ರು."

"ಅಂದ್ರೆ ಎಷ್ಟಾಗುತ್ತೆ? ಒಂಬತ್ತೂ ಇಲ್ವಾ?"

"ಭಾನುವಾರ ಹೋಗಿ ನಿಮ್ಮ ತಂಗೀನ ಕರ್ಕೊಂಡು ಬನ್ನಿ. ಅವಳ ಎದುರಿಗೇ ಆಗ್ಲಿ. ಕಣ್ಣಿನ ಸಿಸ್ಟರ್‌ಗೂ ಹೇಳಿದ್ದೀನಿ, ಈ ಸಲ ಬರ್ಲಿಲ್ಲ ಅಂದ್ರೆ ಮಗು ಸಮೇತ ವಾರ್ಡಿಗೇ ಬಂದು ಕೂರ್ತೀನಿ ಅಂತ."

ಗಂಡ ಭಾನುವಾರ ಬೆಳಿಗ್ಗೆ ಹೊಲಿಗೆ ಅಂಗಡಿಗೆ ಹೋದ. ಬದುಕಿನಲ್ಲಿ ಮೊದಲ ಸಲ ಅವನು ಯಾವುದಾದರೂ ಒಂದು ಮಹಡಿಯಲ್ಲಿ ಬಾಗಿಲು ತೆರೆದಿದ್ದ.

"ಬಾರೇ. ನಿಮ್ಮತ್ತಿಗೆ ಕರೀತಿದ್ದಾಳೆ."

"ಯಾಕೆ, ಮಗೂಗೆ ಪದಕ ಕೊಡ್ತಾರಾ? ನಾನು ಚಪ್ಪಾಳೆ ಹೊಡೀಬೇಕಾ?"

"ಬಂದು ನೋಡು. ಇಷ್ಟ ಆಗ್ಲಿಲ್ಲ ಅಂದ್ರೆ ನನ್ನ ಎರಡು ಪ್ಯಾಂಟ್ ಇದೆ ಹೊಲಿಯೋಕೆ, ಬಿಗಿಯಾಗಿ ಹೊಲಿದು ಸೇಡು ತೀರಿಸ್ಕೋ."

ಅವಳು ಮಗನ ಕೈ ಹಿಡಿದುಕೊಂಡು ಬಂದಳು. ಬಂದು, ಕೂರುವುದಿಲ್ಲ ಎಂದು ಗೋಡೆಗೆ ಒರಗಿ ನಿಂತಳು. ಕಣ್ಣಿನ ಸಿಸ್ಟರ್ ಕೈಯಲ್ಲಿ ತಿದ್ದುಪಡಿ ಫಾರಂ ಹಿಡಿದು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅತ್ತೆ ಅವಳಿಗೆ ಚಹಾ ಕೊಟ್ಟು, ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ, ಕಿವಿಯ ಹತ್ತಿರ ಬಗ್ಗಿದರು: "ನೋಡಮ್ಮ, ನೀನು ಹಾಕಿದ್ದು ಸರಿಯಾಗೇ ಇದೆ. ಹೆದರಬೇಡ."

"ಅತ್ತೆ, ಸಾಕ್ಷೀನ ಕೆಡಿಸ್ಬೇಡಿ," ಎಂದಳು ಸೊಸೆ. ತೊಡೆಯ ಮೇಲೆ ಮಗು ನಿದ್ದೆಯಲ್ಲಿತ್ತು. "ಸಿಸ್ಟರ್, ಹತ್ತು ಯಾವಾಗ ಬರೆದ್ರಿ?"

"ಆಮೇಲೆ... ಎಲ್ಲಾ ಮುಗಿದ ಮೇಲೆ. ಅರ್ಧ ಗಂಟೆ ಆಗಿತ್ತೇನೋ."

"ಅಷ್ಟೊತ್ತಿಗೆ ಮಗು ಹೇಗಿತ್ತು?"

"ಟೊಮೆಟೊ ಹಣ್ಣಿನ ಹಾಗಿತ್ತು! ಅದಕ್ಕೇ ಹತ್ತು ಹಾಕ್ದೆ. ನಿಮ್ಮ ಮಗು ಬೇರೆ. ನಿಮಗೆ ಕಮ್ಮಿ ಹಾಕೋಕೆ ಕೈ ಬರ್ಲಿಲ್ಲ ಮೇಡಂ. ನಾಳೆ ನೀವೇ ನನಗೆ ಕೆಲಸ ಕಲಿಸೋರು."

"ಇವತ್ತೇ ಕಲಿಸ್ತೀನಿ. ಮೊದಲನೇ ನಿಮಿಷ ನೆನಪು ಮಾಡ್ಕೊಳ್ಳಿ. ಎದೆಬಡಿತ?"

"ಚೆನ್ನಾಗಿತ್ತು. ಡಾಕ್ಟರ್ ನೂರಾ ಇಪ್ಪತ್ತು ಅಂದ್ರು."

"ಎರಡು. ಬರೀರಿ. ಉಸಿರು?"

"ಅದು... ನಿಂತು ನಿಂತು ಬರ್ತಿತ್ತು."

"ಒಂದು."

"ನಿಂತು ನಿಂತು ಬಂದ್ರೇನು, ಬಂತಲ್ಲ!" ಎಂದು ಮಾವ ಅಂಗಡಿಯ ಬಾಗಿಲಿನಿಂದ ವಾದಿಸಿದರು. ಕೈಯಲ್ಲಿ ಬ್ರಷ್ಷು, ಹಿಂದೆ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿ. "ಬಸ್ಸೂ ನಿಂತು ನಿಂತೇ ಬರುತ್ತೆ. ಬಂದಿಲ್ಲ ಅಂತೀವಾ?"

"ಮಾವ! ಕೈಕಾಲು, ಸಿಸ್ಟರ್?"

"ಸ್ವಲ್ಪ ಮಡಚಿತ್ತು. ಆಡಿಸ್ತಿರಲಿಲ್ಲ."

"ಒಂದು. ಅಂಗಾಲು ತಟ್ಟಿದಾಗ?"

"ಮುಖ ಕಿವುಚಿತು. ಅಳಲಿಲ್ಲ." ಕಣ್ಣಿನ ಸಿಸ್ಟರ್ ಕಣ್ಣಲ್ಲಿ ನೀರು ತುಂಬಿತು. "ನನಗೆ ಎಷ್ಟು ಭಯ ಆಯ್ತು ಗೊತ್ತಾ ಮೇಡಂ? ಕಣ್ಣಿನ ವಾರ್ಡಲ್ಲಿ ಯಾರೂ ಉಸಿರಾಡೋದು ಮರೀತಿರಲಿಲ್ಲ."

"ಒಂದು. ಬಣ್ಣ?"

"ಮೈ ಕೆಂಪು, ಕಾಲು ನೀಲಿ."

"ಒಂದು. ಕೂಡಿಸಿ."

ಕಣ್ಣಿನ ಸಿಸ್ಟರ್ ಕೂಡಿಸಿದಳು. ಇನ್ನೊಂದು ಸಲ ಕೂಡಿಸಿದಳು. ಬೆರಳು ಮಡಚಿಯೂ ನೋಡಿದಳು.

"ಆರು," ಎಂದಳು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಮಾವನ ಬ್ರಷ್ಷಿನಿಂದ ನೊರೆ ತೊಟ್ಟಿಕ್ಕಿತು. "ಆರಾ?" ಎಂದರು ಸಣ್ಣ ದನಿಯಲ್ಲಿ. "ಹತ್ತು ಅಂತ ಹೇಳಿ ನಾನು ಊರಿನವರ ತಲೆ ಬೋಳಿಸಿದ್ದೀನಲ್ಲೇ!"

"ಅದು ನಿಮ್ಮ ಕಸುಬೇ ಅಲ್ವಾ ಮಾವ."

ಗೋಡೆಗೆ ಒರಗಿದ್ದ ನಾದಿನಿ ಮೊದಲು ನಕ್ಕಳು. ಹಾಗೆ ನೋಡಿದರೆ ಅದು ನಗುವೂ ಅಲ್ಲ, ಎರಡು ವರ್ಷದಿಂದ ಕೂಡಿಟ್ಟಿದ್ದ ಏನೋ ಒಂದು ಹೊರಗೆ ಬಿದ್ದ ಸದ್ದು. "ಆರು! ಅಂದ್ರೆ ನನ್ನ ಮಗ..."

"ನಿನ್ನ ಮಗ ಒಂದು ಮುಂದೆ," ಎಂದಳು ಅತ್ತಿಗೆ.

ನಾದಿನಿ ಗೆದ್ದ ಮುಖ ಮಾಡಿಕೊಂಡು ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಮಗುವನ್ನು ನೋಡಿದಳು. ಅದು ನಿದ್ದೆಯಲ್ಲೇ ಒಂದು ಕಾಲು ಬಟ್ಟೆಯಿಂದ ಹೊರಗೆ ಒದ್ದು ಚಾಚಿತ್ತು. ಗೆಲುವು ಅವಳ ಮುಖದಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ಗೋಡೆ ಬಿಟ್ಟು ಬಂದು ಮಂಚದ ಮೇಲೆ ಕೂತಳು.

"ಅತ್ತಿಗೆ, ಇವಳಿಗೆ ಏನೂ ಆಗಲ್ಲ ತಾನೇ?"

"ಏನಾಗುತ್ತೆ?"

"ಆರು ಅಂದ್ರೆ... ನಾಳೆ ಮಾತು ಗೀತು..."

"ಸಿಸ್ಟರ್, ಐದನೇ ನಿಮಿಷಕ್ಕೆ ಎಷ್ಟು?"

ಕಣ್ಣಿನ ಸಿಸ್ಟರ್ ಈ ಸಲ ತಡವರಿಸಲಿಲ್ಲ. "ಕಾಲು ಬಿಟ್ಟು ಎಲ್ಲಾ ಸರಿ ಇತ್ತು. ಕಾಲು ಮಾತ್ರ ನೀಲಿ. ಒಂಬತ್ತು."

"ಕೇಳಿದ್ಯಾ? ಒಂಬತ್ತು. ನಿನ್ನ ಮಗನಿಗೂ ಒಂಬತ್ತೇ. ಮೊದಲನೇ ನಿಮಿಷದಲ್ಲಿ ಇಬ್ಬರೂ ಸ್ವಲ್ಪ ಕೈ ಹಿಡಿಸ್ಕೊಂಡ್ರು, ಐದನೇ ನಿಮಿಷಕ್ಕೆ ಕೈ ಬಿಡಿಸ್ಕೊಂಡ್ರು. ಅಷ್ಟೇ ಅದರ ಕಥೆ. ಇದನ್ನೇ ಎರಡು ವರ್ಷದಿಂದ ಹೇಳ್ತಿದ್ದೀನಿ. ನನ್ನ ಮಗೂಗೆ ಹೀಗಾಗೋವರೆಗೂ ನೀನು ಕೇಳಲಿಲ್ಲ."

"ನೀವು ಹೇಳ್ತಿದ್ದದ್ದು ಸಿಸ್ಟರ್ ಥರ. ನಾನು ಹೇಗೆ ಕೇಳ್ಲಿ?" ನಾದಿನಿ ಮೂಗು ಒರೆಸಿಕೊಂಡಳು. "ಒಂದು ಸಲ ಭಯ ಆಯ್ತು ಅಂತ ಹೇಳಿದ್ರೇನು?"

ಅತ್ತಿಗೆ ತಲೆ ಬಗ್ಗಿಸಿ ಮಗುವಿನ ಕಾಲನ್ನು ಬಟ್ಟೆಯೊಳಗೆ ಸೇರಿಸಿದಳು. "ಆಯ್ತು," ಎಂದಳು. "ನಿನ್ನ ಮಗ ಹುಟ್ಟಿದಾಗಲೂ ಆಯ್ತು."

ನಾದಿನಿ ಮಗುವನ್ನು ಎತ್ತಿಕೊಂಡಳು.

"ಸಹಿ ಮಾಡ್ಲಾ?" ಎಂದಳು ಕಣ್ಣಿನ ಸಿಸ್ಟರ್.

"ಮಾಡಬೇಡ!" ಎಂದರು ಅತ್ತೆ.

"ಮಾಡ್ರೀ!" ಎಂದು ಅತ್ತಿಗೆ-ನಾದಿನಿ ಒಟ್ಟಿಗೆ ಕೂಗಿದರು. ಹುಡುಗ ಬೆಚ್ಚಿ ಕಿವಿ ಮುಚ್ಚಿಕೊಂಡ.

"ಅಲ್ಲ, ಇದನ್ನ ಬೀದೀಲಿ ಹೇಗೆ ಹೇಳೋದು?" ಅತ್ತೆ ಇಬ್ಬರನ್ನೂ ಬೇಡಿಕೊಂಡರು. "ಮನೇಲಿ ಒಂದು ಏಳು, ಒಂದು ಆರು!"

"ಅಮ್ಮ, ನೀನು ಅಡುಗೆ ನೋಡು. ನಂಗೂ ಅವನಿಗೂ ಸೇರಿಸಿ ಮಾಡು. ಹಸಿವಾಗ್ತಿದೆ."

ಅತ್ತೆ ಒಂದು ಗಳಿಗೆ ಮಗಳನ್ನು ನೋಡಿ, ಸರಸರ ಒಳಗೆ ಹೋಗಿ ಇನ್ನೆರಡು ತಟ್ಟೆ ತೊಳೆದರು.

ಮುಂದಿನ ಕೋಣೆಯಿಂದ ಗಿರಾಕಿಯ ದನಿ ಬಂತು. ನೊರೆ ಒಣಗಿ ಅವನ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. "ಏನ್ರೀ, ಹತ್ತಕ್ಕೆ ಹತ್ತು ಅಂದ್ರಿ, ಈಗ ಆರು ಅಂತ ಕೇಳಿಸ್ತಲ್ಲ? ಎಲ್ಲಿ ಹೋಯ್ತು ಉಳಿದ ನಾಲ್ಕು?"

ಮಾವ ಕತ್ತಿ ಹಿಡಿದು ನಿಂತರು. "ಅದು... ಏನಾಯ್ತು ಅಂದ್ರೆ..."

ನಾದಿನಿ ಮಗುವನ್ನು ಎದೆಗೆ ಒರಗಿಸಿಕೊಂಡು ಅಂಗಡಿಯ ಬಾಗಿಲಿಗೆ ಬಂದಳು. ಮಗ ಅವಳ ಬಟ್ಟೆಯ ಅಂಚು ಹಿಡಿದು ಹಿಂದೆ ಬಂದ.

"ಎಲ್ಲೂ ಹೋಗಿಲ್ಲ. ಇರಲೇ ಇಲ್ಲ. ಇವಳು ಮೊದಲನೇ ನಿಮಿಷಕ್ಕೆ ಆರು, ಇವನು ಏಳು. ಐದು ನಿಮಿಷಕ್ಕೆ ಇಬ್ಬರೂ ಒಂಬತ್ತು."

"ಅಂದ್ರೆ ಆರು ಒಳ್ಳೇದಾ, ಕೆಟ್ಟದ್ದಾ?"

"ಎರಡೂ ಅಲ್ಲ. ಒಂದು ನಿಮಿಷದ್ದು. ಹುಟ್ಟಿ ಒಂದು ನಿಮಿಷ ಆದಾಗ ನೀವೇನು ಮಾಡ್ತಿದ್ರಿ, ನೆನಪಿದೆಯಾ?"

ಗಿರಾಕಿ ನೊರೆಯ ಹಿಂದೆ ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲಮ್ಮ."

"ಮತ್ತೆ? ಸುಮ್ಮನೆ ಕೂತು ಗಡ್ಡ ತೆಗೆಸ್ಕೊಳ್ಳಿ."